ಬರೆದವರೇ ಅಚ್ಚು ಹಾಕಿಸುವಾಗ

(ಬಂಗಾರಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಎತ್ತಿಕೊಂಡು ಮಾತಾಡುವುದು ವಾಡಿಕೆ. ಕಾದಂಬರಿ ಬರೆದು ಮುಗಿದ ಮೇಲಿನ ದಾರಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ದಾನಿಗಳ ಮನೆಯವರು ಸಂತೋಷದಿಂದ ಒಪ್ಪಿದರು. ಈ ವಿಷಯಕ್ಕೆ ನಮ್ಮ ವೇದಿಕೆಗಳಲ್ಲಿ ಜಾಗ ಸಿಗುವುದು ಕಡಿಮೆ. ಹೇಗೆ ಬರೆಯಬೇಕು ಎಂದು ಕಮ್ಮಟ ನಡೆಸುತ್ತೇವೆ, ಬರೆದದ್ದು ಹೇಗಿದೆ ಎಂದು ವಿಮರ್ಶೆ ಮಾಡುತ್ತೇವೆ. ಇವೆರಡರ ನಡುವೆ ಹಸ್ತಪ್ರತಿ ಪುಸ್ತಕವಾಗುವ ಒಂದು ಹಾದಿ ಇದೆ. ಅಲ್ಲಿ ಲೇಖಕ ಒಬ್ಬನೇ ಇರುತ್ತಾನೆ.

ಈ ಭಾಗದಲ್ಲಿ ಆ ಹಾದಿಯ ಮಾತು ಹೆಚ್ಚು ಮುಖ್ಯ. ಪಕ್ಕದ ಕೋಲಾರ ಚಿನ್ನದ ಗಣಿಯಲ್ಲಿ, ಅಂದರೆ ಕೆ.ಜಿ.ಎಫ್.ನಲ್ಲಿ, 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆಗೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಈ ನೂರಿಪ್ಪತ್ತು ವರ್ಷಗಳ ಇಂಗ್ಲಿಷ್ ವರದಿಗಳು, ನಕ್ಷೆಗಳು, ಲೆಕ್ಕಪತ್ರಗಳು ಉಳಿದಿವೆ. ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ಬದುಕಿದವರು ಏನು ಮಾತಾಡಿಕೊಂಡರು, ಪಾಳಿಗೆ ಹೊರಟ ಗಂಡಸನ್ನು ಕಳಿಸಿ ಬಾಗಿಲಲ್ಲಿ ನಿಂತವಳು ಏನು ನೆನೆದಳು ಎಂಬುದನ್ನು ಹೇಳಲು ಕಾದಂಬರಿಯೇ ಬೇಕು. ಅಂಥದ್ದನ್ನು ಬರೆದವರು, ಬರೆಯುತ್ತಿರುವವರು ಇಲ್ಲಿದ್ದಾರೆ: ನಿವೃತ್ತ ಮೇಷ್ಟ್ರುಗಳು, ರೈಲ್ವೆಯವರು, ಬೆಮೆಲ್‌ನಲ್ಲಿ ದುಡಿದವರು, ಗಣಿ ಕಾರ್ಮಿಕರ ಮಕ್ಕಳು. ಬೆಂಗಳೂರಿನ ಪ್ರಕಾಶಕರ ಪಟ್ಟಿಯಲ್ಲಿ ಹೊಸಬರಿಗೆ ಜಾಗ ಕಡಿಮೆ, ಕಾಯುವ ಕಾಲ ಉದ್ದ. ಕೊನೆಗೆ ಇವರು ತಮ್ಮ ದುಡ್ಡಿನಿಂದಲೇ ಅಚ್ಚು ಹಾಕಿಸಲು ಹೊರಡುತ್ತಾರೆ, ಸಂಕೋಚದಿಂದ ಹೊರಡುತ್ತಾರೆ. ಆ ಸಂಕೋಚ ಬೇಡ ಎಂದು ಮೊದಲು ಹೇಳಬೇಕು.

ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಹತ್ತಿದರೆ ಟೇಕಲ್ ಆದ ಮೇಲೆ ಮಾಲೂರು. ಆ ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರಿಗೆ 1983ರ ಜ್ಞಾನಪೀಠ ಪ್ರಶಸ್ತಿ ‘ಚಿಕವೀರ ರಾಜೇಂದ್ರ’ ಕಾದಂಬರಿಗಾಗಿ ಬಂತು. ಅವರ ಎಷ್ಟೋ ಪುಸ್ತಕಗಳ ಒಳಪುಟ ತಿರುವಿದರೆ ಪ್ರಕಾಶಕರ ಜಾಗದಲ್ಲಿ ‘ಜೀವನ ಕಾರ್ಯಾಲಯ’ ಎಂದಿರುತ್ತದೆ. ಅದು ಅವರದೇ ಸಂಸ್ಥೆ. ‘ಜೀವನ’ ಪತ್ರಿಕೆಯನ್ನೂ ಅವರೇ ನಡೆಸಿದರು. ಕುವೆಂಪು ಅವರ ಎಷ್ಟೋ ಪುಸ್ತಕಗಳು ಮನೆಯದೇ ಆದ ಉದಯರವಿ ಪ್ರಕಾಶನದಿಂದ ಬಂದವು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಇಟ್ಟರು, ತಮ್ಮ ಪುಸ್ತಕಗಳ ಮುಖಪುಟಕ್ಕೆ ತಾವೇ ಚಿತ್ರ ಬರೆದರು. ಅವರೆಲ್ಲರಿಗಿಂತ ಹಿಂದೆ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಕಾದಂಬರಿ ಓದುವ ಚಟವನ್ನು ಕನ್ನಡಿಗರಿಗೆ ಹತ್ತಿಸಿದರು. ಇದೇ ಕೋಲಾರದಲ್ಲಿ 1908ರಲ್ಲಿ ಹುಟ್ಟಿದ ಅ.ನ.ಕೃ. ಇನ್ನೊಂದು ದಾರಿ ಹಿಡಿದು, ಪ್ರಕಾಶಕರಿಗೆ ಬರೆದುಕೊಟ್ಟು ಲೇಖನಿಯಿಂದಲೇ ಜೀವನ ಮಾಡಿದರು. ಎರಡೂ ಮರ್ಯಾದೆಯ ದಾರಿಗಳೇ.

ಆದರೆ ಸ್ವಂತ ಪ್ರಕಟಣೆಗೆ ಇಳಿದ ಆ ಹಿರಿಯರು ಪ್ರಕಾಶಕನ ಕೆಲಸವನ್ನು ಪೂರ್ತಿಯಾಗಿ ಹೊತ್ತರು. ನಮ್ಮಲ್ಲಿ ಆಗುತ್ತಿರುವುದು ಬೇರೆ. ದುಡ್ಡು ಕೊಟ್ಟ ಕೂಡಲೇ ಪ್ರಕಾಶಕನಾದೆ ಎಂದುಕೊಂಡು, ಪುಟದ ಅಳತೆಯಿಂದ ಹಿಡಿದು ಹಕ್ಕಿನ ಮಾತಿನವರೆಗೆ ಎಲ್ಲವನ್ನೂ ಡಿ.ಟಿ.ಪಿ. ಮಾಡುವವರ ಅಥವಾ ಮುದ್ರಕರ ಕೈಗೆ ಬಿಟ್ಟುಬಿಡುತ್ತೇವೆ. ಅವರ ಕೆಲಸವನ್ನು ಅವರು ಮಾಡುತ್ತಾರೆ. ಓದುಗನ ಪರವಾಗಿ ಯೋಚಿಸುವವರು ಮಾತ್ರ ಅಲ್ಲಿ ಯಾರೂ ಇರುವುದಿಲ್ಲ. ತಾನೇ ಅಚ್ಚು ಹಾಕಿಸುವ ಲೇಖಕ ಆ ಓದುಗನ ಪರವಾಗಿ ನಿಲ್ಲಬೇಕು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಹಾಗಾದರೆ ನಿಮ್ಮ ಓದುಗ ಎಲ್ಲಿ ಕೂತು ಓದುತ್ತಾನೆ? ಫಾಂಟು ಯಾವುದು, ಮುಖಪುಟ ಯಾರದು ಎಂಬ ಪ್ರಶ್ನೆಗಳು ಇದರ ಹಿಂದೆ ಬರಲಿ. ಮಾರಿಕುಪ್ಪಂನಿಂದ ಹೊರಟು ಬೆಳಗಿನ ಜಾವ ಇಲ್ಲಿ ಹಾದುಹೋಗುವ ರೈಲುಗಳನ್ನು ನೋಡಿ. ಗಣಿ ಮುಚ್ಚಿದ ಮೇಲೆ ಈ ಊರುಗಳ ಹೊಟ್ಟೆಪಾಡು ಆ ಡಬ್ಬಿಗಳಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತದೆ. ಒಂದು ಕೈ ಮೇಲಿನ ಕಂಬಿ ಹಿಡಿದಿರುವಾಗ ಇನ್ನೊಂದು ಕೈಯಲ್ಲಿ ಹಿಡಿಯಬಹುದಾದ ಪುಸ್ತಕ ಅವರಿಗೆ ಬೇಕು. ಅವರಲ್ಲಿ ಹಲವರು ಫೋನಿನಲ್ಲೇ ಓದುತ್ತಾರೆ. ಇನ್ನು ಗಣಿಯಲ್ಲಿ ದುಡಿದವರು ಇದ್ದಾರೆ. ಮುಚ್ಚಿದ ದಿನ ಮೂವತ್ತರ ಹರೆಯದಲ್ಲಿದ್ದವರಿಗೂ ಈಗ ಐವತ್ತು ದಾಟಿದೆ. ಅವರಿಗೆ ಅಕ್ಷರ ದೊಡ್ಡದಾಗಿರಬೇಕು, ಕಾಗದ ಕಣ್ಣು ಕುಕ್ಕಬಾರದು. ಮೂರನೆಯದಾಗಿ ಗ್ರಂಥಾಲಯ, ಅಲ್ಲಿಗೆ ಬೇಕಾದದ್ದು ಗಟ್ಟಿ ಬೈಂಡಿಂಗು. ಈ ಮೂವರನ್ನೂ ಒಂದೇ ಪ್ರತಿಯಲ್ಲಿ ತೃಪ್ತಿಪಡಿಸಲು ಆಗದು. ಯಾರು ಮೊದಲು ಎಂದು ನೀವೇ ತೀರ್ಮಾನಿಸಬೇಕು.

ಲೆಕ್ಕ ಸ್ವಲ್ಪ ಬಿಡಿಸಿ ನೋಡೋಣ. ನಮ್ಮಲ್ಲಿ ಕಾದಂಬರಿಗೆ ನಡೆದುಬಂದ ಅಳತೆಗಳು ಎರಡು: ಡೆಮಿ 1/8 ಮತ್ತು ಕ್ರೌನ್ 1/8. ಡೆಮಿ ಎಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಕ್ರೌನ್ ಅದಕ್ಕಿಂತ ಎರಡು ಕಡೆಯಿಂದಲೂ ಚಿಕ್ಕದು. ಡೆಮಿ ಪುಟದಲ್ಲಿ 30 ಸಾಲು, ಸಾಲಿಗೆ ಏಳು ಪದ ಎಂದು ಇಟ್ಟುಕೊಂಡರೆ ಪುಟಕ್ಕೆ 210 ಪದ. ಐವತ್ತು ಸಾವಿರ ಪದಗಳ ಕಾದಂಬರಿ 238 ಪುಟ ಹಿಡಿಯುತ್ತದೆ. ಮುನ್ನುಡಿ, ಅರ್ಪಣೆ, ಒಳಪುಟ ಸೇರಿ ಎಂಟು ಪುಟ ಹೆಚ್ಚಾದರೆ 246. ಅಚ್ಚಿನಲ್ಲಿ 16 ಪುಟಕ್ಕೆ ಒಂದು ಫಾರಂ. ಹೀಗಾಗಿ 15 ಫಾರಂ ಮೀರಿ 16ನೆಯದಕ್ಕೆ ಕಾಲಿಟ್ಟಿರಿ, ಪುಸ್ತಕ 256 ಪುಟಕ್ಕೆ ನಿಂತಿತು. ಅದೇ ಕಾದಂಬರಿಯನ್ನು ಕ್ರೌನ್‌ಗೆ ತಂದರೆ ಪುಟಗಳು 300 ದಾಟುತ್ತವೆ, ಆದರೆ ಪುಸ್ತಕ ಒಂದು ಅಂಗೈಯಲ್ಲಿ ನಿಲ್ಲುತ್ತದೆ. ರೈಲಿನ ಓದುಗನಿಗೆ ಬರೆದಿದ್ದರೆ ನಾನು ಕ್ರೌನ್ ಎನ್ನುತ್ತೇನೆ. ವಯಸ್ಸಾದವರು ಮನೆಯಲ್ಲಿ ಕೂತು ಓದಲಿ ಎಂದರೆ ಡೆಮಿ, ಅಕ್ಷರ ಹನ್ನೆರಡಕ್ಕೆ ಬದಲು ಹದಿಮೂರು ಪಾಯಿಂಟ್. ಕಾಗದ ಎರಡಕ್ಕೂ ನ್ಯಾಚುರಲ್ ಶೇಡ್ ಮ್ಯಾಪ್ಲಿಥೊ, 70 ಜಿ.ಎಸ್.ಎಂ. ಹಾಲುಬಿಳಿ ಕಾಗದದ ಮೇಲೆ ಕಪ್ಪು ಅಕ್ಷರ ಒಂದು ಗಂಟೆಯ ಓದಿಗೇ ಕಣ್ಣನ್ನು ದಣಿಸುತ್ತದೆ.

ಗ್ರಂಥಾಲಯದ ಸಗಟು ಖರೀದಿಯಲ್ಲಿ ಬೆಲೆ ಪುಟದ ಲೆಕ್ಕದಲ್ಲಿ ನಿಗದಿಯಾಗುವುದರಿಂದ ಪುಟ ಹಿಗ್ಗಿಸುವ ಅಭ್ಯಾಸವೊಂದು ಬೆಳೆದಿದೆ. ಅಧ್ಯಾಯಕ್ಕೊಂದು ಖಾಲಿ ಹಾಳೆ, ಅಂಗೈಯಗಲದ ಅಂಚು, ಸಾಲಿಗೆ ನಾಲ್ಕೇ ಪದ. ಓದುಗನಿಗೆ ಇದು ಗೊತ್ತಾಗುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ.

ಈಗ ಪುಟದ ಒಳಗೆ ಬರೋಣ. ಕನ್ನಡ ಅಕ್ಷರ ಸಾಲಿನ ಮೇಲೆ ಕೂತುಕೊಳ್ಳುವುದಷ್ಟೇ ಅಲ್ಲ, ಕೆಳಕ್ಕೂ ಇಳಿಯುತ್ತದೆ. ‘ರಾಷ್ಟ್ರ’, ‘ದಾರಿದ್ರ್ಯ’ ಎಂದು ಬರೆದು ನೋಡಿ, ಒತ್ತಿನ ಜೊತೆಗೆ ಇನ್ನೊಂದು ಒತ್ತು. ಅದರ ಕೆಳಗಿನ ಸಾಲಿನಲ್ಲಿ ‘ಕೀ’, ‘ಧಿ’ಗಳ ಗುಡಿಸು ಮೇಲೆದ್ದಿರುತ್ತದೆ. ಇಂಗ್ಲಿಷಿಗೆ 12 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಸಾಲಂತರ ಸಾಕಾಗಬಹುದು, ಕನ್ನಡಕ್ಕೆ 17ಕ್ಕಿಂತ ಕಡಿಮೆ ಬೇಡ. ಪುಟ ಉಳಿಸುವ ಆಸೆಯಿಂದ ಸಾಲುಗಳನ್ನು ಒತ್ತರಿಸಿದ ಕಾದಂಬರಿಗಳು ಬಹಳ. ಮೂವತ್ತನೆಯ ಪುಟದ ಹೊತ್ತಿಗೆ ಓದುಗ ಪುಸ್ತಕ ಕೆಳಗಿಡುತ್ತಾನೆ. ಕಥೆ ಹಿಡಿಸಲಿಲ್ಲ ಎಂದು ಅವನು ಅಂದುಕೊಳ್ಳುತ್ತಾನೆ, ದಣಿದದ್ದು ಕಣ್ಣು.

ನಮ್ಮ ಪದಗಳು ಉದ್ದ. ‘ಕೆಲಸಮಾಡುತ್ತಿದ್ದವರೆಲ್ಲರಿಗೂ’ ಎಂಬ ಒಂದೇ ಪದ ಅರ್ಧ ಸಾಲು ನುಂಗುತ್ತದೆ. ಎರಡೂ ಅಂಚುಗಳನ್ನು ಸಮ ಮಾಡಲು ಹೊರಟರೆ ಅದರ ಹಿಂದಿನ ಸಾಲಿನಲ್ಲಿ ಪದಗಳ ನಡುವೆ ದೊಡ್ಡ ದೊಡ್ಡ ಬಿಳಿ ಕಂದಕಗಳು ಬೀಳುತ್ತವೆ. ಹಾಗಾಗದಂತೆ ಸಾಲಿನ ಕೊನೆಯಲ್ಲಿ ಪದ ಮುರಿಯಲೇಬೇಕು. ಮುರಿಯುವುದು ಅಕ್ಷರದಿಂದ ಅಕ್ಷರಕ್ಕೆ, ಒತ್ತನ್ನು ಅದರ ಅಕ್ಷರದಿಂದ ಅಗಲಿಸಬಾರದು, ಒಂದೇ ಅಕ್ಷರವನ್ನು ಮುಂದಿನ ಸಾಲಿಗೆ ತಳ್ಳಬಾರದು. ಯಂತ್ರಕ್ಕೆ ಇದನ್ನು ಬಿಟ್ಟುಬಿಡದೆ ಪ್ರತಿ ಪುಟವನ್ನೂ ಒಬ್ಬ ಮನುಷ್ಯ ಕಣ್ಣಾರೆ ನೋಡಬೇಕು. ಅಧ್ಯಾಯದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಅಲಂಕಾರವೂ ಹಾಗೆಯೇ. ‘ಸ್ತ್ರೀ’ ಎಂದು ಶುರುವಾಗುವ ಅಧ್ಯಾಯದಲ್ಲಿ ‘ಸ್’ ಮಾತ್ರ ದೊಡ್ಡದಾಗಿ ನಿಂತು ಉಳಿದದ್ದು ಪಕ್ಕದಲ್ಲಿ ಬಿದ್ದಿರಬಾರದು. ಅಕ್ಷರವನ್ನು ಓರೆ ಮಾಡುವುದನ್ನಂತೂ ಪೂರ್ತಿ ಬಿಟ್ಟುಬಿಡಿ. ಇಂಗ್ಲಿಷಿನ ಓರೆ ಅಕ್ಷರಗಳನ್ನು ಬೇರೆಯಾಗಿಯೇ ಕೆತ್ತಿರುತ್ತಾರೆ. ಕನ್ನಡದಲ್ಲಿ ಕಂಪ್ಯೂಟರು ನೆಟ್ಟಗಿನ ಅಕ್ಷರವನ್ನೇ ತಳ್ಳಿ ವಾಲಿಸುತ್ತದೆ, ದುಂಡಗಿನ ರೂಪವೆಲ್ಲ ಕೆಡುತ್ತದೆ. ನೆನಪಿನ ಭಾಗ, ಪತ್ರದ ಭಾಗ ಬೇರೆ ಕಾಣಬೇಕಿದ್ದರೆ ಎಡಗಡೆ ಸ್ವಲ್ಪ ಜಾಗ ಬಿಟ್ಟು ಜೋಡಿಸಿದರಾಯಿತು.

ಪುಟಕ್ಕಿಂತಲೂ ಮುಖ್ಯವಾದದ್ದು ಪಠ್ಯ. ಕನ್ನಡಕ್ಕೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಆದರೂ ಎಷ್ಟೋ ಡಿ.ಟಿ.ಪಿ. ಕೇಂದ್ರಗಳಲ್ಲಿ ಇಂದಿಗೂ ಪೇಜ್‌ಮೇಕರ್, ಅದರೊಳಗೆ ನುಡಿಯ ಅಥವಾ ಶ್ರೀಲಿಪಿಯ ಹಳೆಯ ಫಾಂಟು. ಹಳೆಯ ಫಾಂಟಿನಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಅದರ ಮೇಲೆ ಕನ್ನಡದ ಚಿತ್ರ ಹೊದಿಸಿರುತ್ತಾರೆ. ಕಾಗದದ ಮೇಲೆ ಚೆನ್ನಾಗಿ ಬರುತ್ತದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ನಿಮ್ಮ ಕಾದಂಬರಿ ಅರ್ಥವಿಲ್ಲದ ಗುರುತುಗಳ ರಾಶಿ. ಅದನ್ನು ಇ-ಪುಸ್ತಕ ಮಾಡಲಾಗದು, ಅದರಲ್ಲಿ ಒಂದು ಹೆಸರನ್ನೂ ಹುಡುಕಲಾಗದು. ಅಚ್ಚಿಗಾಗಿ ಹಳೆಯ ಫಾಂಟಿಗೆ ಹೋಗುವುದು ಅನಿವಾರ್ಯವಾದರೆ ಹೋಗಿ. ಮೂಲ ಯುನಿಕೋಡ್‌ನಲ್ಲಿ ನಿಮ್ಮ ಹತ್ತಿರವೇ ಇರಲಿ.

ಇಲ್ಲೊಂದು ಎಡವಟ್ಟು ಎಲ್ಲರಿಗೂ ಆಗುತ್ತದೆ. ಕೊನೆಯ ಕರಡಿನ ತಿದ್ದುಪಡಿಗಳು ಡಿ.ಟಿ.ಪಿ. ಕಡತದಲ್ಲಿ ಮಾತ್ರ ಆಗುತ್ತವೆ, ಲೇಖಕರ ಹತ್ತಿರ ಉಳಿಯುವುದು ತಿದ್ದುವ ಮೊದಲಿನ ಪ್ರತಿ. ಐದು ವರ್ಷ ಕಳೆದು ಎರಡನೆಯ ಮುದ್ರಣಕ್ಕೆ ಹೊರಟಾಗ ಆ ಡಿ.ಟಿ.ಪಿ. ಕೇಂದ್ರವೇ ಇರುವುದಿಲ್ಲ. ಹಳೆಯ ತಪ್ಪುಗಳೊಂದಿಗೆ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಪ್ರತಿಯೊಂದು ತಿದ್ದುಪಡಿಯನ್ನೂ ಅವತ್ತೇ ನಿಮ್ಮ ಮೂಲಕ್ಕೂ ಸೇರಿಸಿ. ಬೇಸರದ ಕೆಲಸ ನಿಜ, ಆದರೆ ಪುಸ್ತಕ ಉಳಿಯುವುದು ಇದರಿಂದಲೇ. ಯುನಿಕೋಡ್‌ಗೆ ಪರಿವರ್ತಿಸಿದ ಪ್ರತಿಯಾದರೆ ಅರ್ಕಾವೊತ್ತು, ದೀರ್ಘಗಳನ್ನು ಒಂದೊಂದಾಗಿ ನೋಡಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿರುವುದುಂಟು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ನಮ್ಮ ಊರಿನ ಹೆಸರುಗಳೇ ಇದಕ್ಕೆ ಒಳ್ಳೆಯ ಪರೀಕ್ಷೆ. ‘ರಾಬರ್ಟ್‌ಸನ್‌ಪೇಟೆ’ ಎಂದು ಸರಿಯಾಗಿ ಮೂಡಬೇಕಾದರೆ ಟಕಾರದ ಮುಂದೆಯೂ ನಕಾರದ ಮುಂದೆಯೂ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಅದು ಬಿದ್ದುಹೋದರೆ ಹೆಸರು ‘ರಾಬರ್ಟ್ಸನ್ಪೇಟೆ’ ಆಗುತ್ತದೆ. ಆಂಡರ್ಸನ್‌ಪೇಟೆಗೂ ಅದೇ ಗತಿ. ಗಣಿಯ ಕಾದಂಬರಿಯಲ್ಲಿ ಶಾಫ್ಟ್‌ಗೆ, ಲಿಫ್ಟ್‌ನಲ್ಲಿ, ಶಿಫ್ಟ್‌ನವರು ಎಂಬಂಥ ರೂಪಗಳು ಪುಟಕ್ಕೆ ಹತ್ತು ಬರುತ್ತವೆ. ಅಚ್ಚಿಗೆ ಕಳಿಸುವ ಮೊದಲು ಇಂಥ ಪದಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಊರ್ಗಾಮೋ ಉರಿಗಾಮೋ, ಮಾರಿಕುಪ್ಪವೋ ಮಾರಿಕುಪ್ಪಂ ಎಂದೋ, ಚಾಂಪಿಯನ್ ರೀಫೋ ರೀಫ್ಸೋ, ಒಂದನ್ನು ಹಿಡಿದು ಕೊನೆಯ ಪುಟದವರೆಗೆ ಅದನ್ನೇ ನಡೆಸಿ. ಆ ಹಾಳೆಯ ಒಂದು ಪ್ರತಿ ಕರಡು ತಿದ್ದುವವರ ಮೇಜಿನ ಮೇಲೂ ಇರಲಿ.

ಈ ಊರಿನ ಕಾದಂಬರಿಕಾರರಿಗೇ ವಿಶೇಷವಾಗಿ ಎದುರಾಗುವ ಇನ್ನೊಂದು ಪ್ರಶ್ನೆಯಿದೆ. ಅದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. ಗಣಿಯ ಲೈನುಗಳಲ್ಲಿ ತಮಿಳು, ತೆಲುಗು, ಕನ್ನಡ, ಆಂಗ್ಲೋ ಇಂಡಿಯನ್ನರ ಇಂಗ್ಲಿಷು ಒಂದೇ ನಲ್ಲಿಯ ಮುಂದೆ ಸಾಲು ನಿಂತಿದ್ದವು. ಆ ಬದುಕನ್ನು ಬರೆಯುವ ಕನ್ನಡ ಕಾದಂಬರಿಯಲ್ಲಿ ಪಾತ್ರಗಳು ಯಾವ ಭಾಷೆ ಆಡಬೇಕು? ಎಲ್ಲರ ಬಾಯಲ್ಲೂ ಶುದ್ಧ ಕನ್ನಡ ಹಾಕಿದರೆ ಊರು ಸುಳ್ಳಾಗುತ್ತದೆ. ಇಡೀ ಸಂಭಾಷಣೆಯನ್ನು ತಮಿಳಿನಲ್ಲೇ ಬಿಟ್ಟು ಪುಟದ ಕೆಳಗೆ ಅಡಿಟಿಪ್ಪಣಿ ಕೊಟ್ಟರೆ ಓದುಗ ಜಗಳದ ನಡುವೆ ಕೆಳಗೂ ಮೇಲಕ್ಕೂ ಇಳಿದು ಹತ್ತುತ್ತಾ ಇರುತ್ತಾನೆ, ಜಗಳದ ಕಾವು ಆರುತ್ತದೆ. ಆವರಣದಲ್ಲಿ ಅರ್ಥ ಕೊಡುವುದು ಇನ್ನೂ ಕೆಟ್ಟದ್ದು, ಕಾದಂಬರಿ ಪಠ್ಯಪುಸ್ತಕದಂತೆ ಕಾಣುತ್ತದೆ. ನನಗೆ ಸರಿ ಎನಿಸಿದ ದಾರಿ ಹೀಗಿದೆ: ತಮಿಳಿನ, ತೆಲುಗಿನ ಚಿಕ್ಕ ಮಾತುಗಳನ್ನು ಕನ್ನಡ ಲಿಪಿಯಲ್ಲಿ, ಯಾವ ಅಲಂಕಾರವೂ ಇಲ್ಲದೆ ಉಳಿದ ಮಾತಿನಂತೆಯೇ ಮುದ್ರಿಸಿ. ಅರ್ಥ ಎದುರಿನವರ ಉತ್ತರದಲ್ಲಿ ತಾನಾಗಿ ಬಿಚ್ಚಿಕೊಳ್ಳಲಿ. ಉದ್ದದ ಮಾತು ಬಂದಾಗ ಕನ್ನಡಕ್ಕೆ ತನ್ನಿ, ಆದರೆ ಆಡುವವರ ವಾಕ್ಯದ ಓಟವನ್ನು ಉಳಿಸಿಕೊಳ್ಳಿ.

ಲಿಪಿಯ ವಿಚಾರವೂ ಇದೆ. ತಮಿಳಿನ ಕೆಲವು ಉಚ್ಚಾರಗಳಿಗೆ ಹಳಗನ್ನಡದ ೞ ಮತ್ತು ಱ ಅಕ್ಷರಗಳು ಹೊಂದುತ್ತವೆ. ಎರಡೂ ಯುನಿಕೋಡ್‌ನ ಕನ್ನಡ ವಿಭಾಗದಲ್ಲಿವೆ. ಆದರೆ ಎಲ್ಲ ಫಾಂಟುಗಳಲ್ಲೂ ಅವು ಅಂದವಾಗಿ ಇರುವುದಿಲ್ಲ, ಇಂದಿನ ಓದುಗರಲ್ಲಿ ಹೆಚ್ಚಿನವರಿಗೆ ಅವುಗಳ ಗುರುತೂ ಇಲ್ಲ. ಕಾದಂಬರಿಯಲ್ಲಿ ಳ, ರ ಸಾಕು. ತಮಿಳರ ಹೆಸರುಗಳ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಮನೆಯವರು ಹೇಗೆ ಕರೆಯುತ್ತಾರೋ ಹಾಗೆ ಬರೆಯಿರಿ, ನಮ್ಮ ನಾಲಗೆಗೆ ಹೊಂದಿಸಿ ತಿದ್ದಬೇಡಿ. ಕರಡನ್ನು ಒಬ್ಬ ತಮಿಳು ಮನೆಮಾತಿನವರಿಗೆ, ಒಬ್ಬ ತೆಲುಗು ಮನೆಮಾತಿನವರಿಗೆ ಓದಿ ಹೇಳಿ. ಇದಕ್ಕಾಗಿ ಎಲ್ಲಿಗೂ ಹೋಗಬೇಕಿಲ್ಲ, ಅವರು ನಿಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ.

ಪುಸ್ತಕದ ಒಳಪುಟವನ್ನು ನಾವು ಹೆಚ್ಚಾಗಿ ಓದದೆ ದಾಟುತ್ತೇವೆ. ಕೃತಿಯ ಹೆಸರು, ಲೇಖಕರು, ಪ್ರಕಾಶಕರ ವಿಳಾಸ, ಹಕ್ಕುಗಳು, ಮೊದಲ ಮುದ್ರಣದ ವರ್ಷ, ಪುಟಗಳು, ಆಕಾರ, ಬಳಸಿದ ಕಾಗದ, ಪ್ರತಿಗಳು, ಬೆಲೆ, ಅಕ್ಷರ ಜೋಡಣೆ, ಮುಖಪುಟ, ಮುದ್ರಕರು. ಕನ್ನಡ ಪುಸ್ತಕಗಳು ಈ ವಿವರಗಳನ್ನು ಪ್ರಾಮಾಣಿಕವಾಗಿ ಕೊಡುತ್ತಾ ಬಂದಿವೆ. ಆ ಸಂಪ್ರದಾಯವನ್ನು ಬಿಡಬೇಡಿ. ಐ.ಎಸ್.ಬಿ.ಎನ್. ಸಂಖ್ಯೆಯನ್ನು ನಮ್ಮ ದೇಶದಲ್ಲಿ ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಅದಕ್ಕೆ ಶುಲ್ಕವಿಲ್ಲ, ಲೇಖಕರು ತಾವೇ ಪ್ರಕಾಶಕರಾಗಿ ಅರ್ಜಿ ಹಾಕಬಹುದು. ಅದಕ್ಕೆಂದು ಯಾರಾದರೂ ದುಡ್ಡು ಕೇಳಿದರೆ ಅದು ಅವರ ಓಡಾಟದ ಕೂಲಿ, ಸಂಖ್ಯೆಯ ಬೆಲೆಯಲ್ಲ. ಮುದ್ರಿಸಿಕೊಡುವ ಕಂಪನಿಯ ಸಂಖ್ಯೆಯನ್ನೇ ತೆಗೆದುಕೊಂಡರೆ ದಾಖಲೆಯಲ್ಲಿ ಪ್ರಕಾಶಕ ಆ ಕಂಪನಿಯಾಗುತ್ತದೆ, ಇದು ತಿಳಿದಿರಲಿ. ಅಚ್ಚಿನ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. 1954ರ ಕಾಯ್ದೆಯಂತೆ ಪ್ರಕಾಶಕರು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ಗೊತ್ತಾದ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಸ್ವಂತ ಪ್ರಕಟಣೆಯವರಲ್ಲಿ ಇದನ್ನು ಮಾಡುವವರು ವಿರಳ. ನಾಲ್ಕು ಪ್ರತಿಯ ಖರ್ಚಿನಲ್ಲಿ ನಿಮ್ಮ ಕಾದಂಬರಿ ದೇಶದ ನಾಲ್ಕು ಕಡೆ ಶಾಶ್ವತವಾಗಿ ಉಳಿಯುತ್ತದೆ ಎಂದ ಮೇಲೆ ಬಿಡುವುದೇಕೆ?

ಹಕ್ಕಿನ ಮಾತು ಇನ್ನೂ ಗಂಭೀರ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಕ್ಷಣದಿಂದ ಕೃತಿ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಿತಕಾಲ ಮತ್ತು ನಂತರದ 60 ವರ್ಷ ಅದು ನಿಮ್ಮ ಮನೆಯ ಆಸ್ತಿ. ಹಕ್ಕನ್ನು ಬರವಣಿಗೆಯಲ್ಲಿ ವಹಿಸಿಕೊಟ್ಟು ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ. ಅಂದರೆ ಕಾಯ್ದೆ ಲೇಖಕರ ಕಡೆಗಿದೆ. ಆದರೆ ‘ಎಲ್ಲ ಹಕ್ಕುಗಳು, ಎಲ್ಲ ಮಾಧ್ಯಮಗಳು, ಎಲ್ಲ ಕಾಲಕ್ಕೂ’ ಎಂದು ಅಚ್ಚಾದ ಕಾಗದಕ್ಕೆ ನೀವೇ ಸಹಿ ಹಾಕಿದರೆ ಕಾಯ್ದೆ ಏನು ಮಾಡೀತು? ಪ್ಯಾಕೇಜ್ ಎಂದು ಹೇಳಿ ಮುದ್ರಣದ ದುಡ್ಡನ್ನೂ ಲೇಖಕರಿಂದಲೇ ಪಡೆದು, ಹಕ್ಕನ್ನೂ ಬರೆಸಿಕೊಳ್ಳುವ ಒಪ್ಪಂದಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ದುಡ್ಡು ಹಾಕಿದವರು ನೀವಾದರೆ ಹಕ್ಕೂ ನಿಮ್ಮಲ್ಲೇ ಇರಬೇಕು. ಅನುವಾದ, ಧ್ವನಿಪುಸ್ತಕ, ಸಿನಿಮಾ, ಧಾರಾವಾಹಿ ಒಂದೊಂದೂ ಬೇರೆ ಹಕ್ಕು. 2018ರ ‘ಕೆ.ಜಿ.ಎಫ್.’ ಸಿನಿಮಾದ ಮೇಲೆ ಈ ಊರಿನ ಹೆಸರಿಗೆ ದೇಶದಲ್ಲೆಲ್ಲ ಬೆಲೆ ಬಂದಿದೆ. ಇಲ್ಲಿನ ಕಥೆ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಆ ಸಿನಿಮಾದ ಪ್ರಭಾವದಿಂದ ಮುಖಪುಟದಲ್ಲಿ ಬೆಂಕಿ, ಬಂದೂಕು ತುಂಬುವುದೂ ಬೇಡ. ಗಣಿತ್ಯಾಜ್ಯದ ಸೈನೈಡ್ ದಿಬ್ಬದ ಬೂದಿಬಣ್ಣವನ್ನು, ಶಾಫ್ಟ್ ಮೇಲಿನ ಕಬ್ಬಿಣದ ಗೋಪುರವನ್ನು ನಮ್ಮ ಚಿತ್ರಕಾರರು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ.

ಎಷ್ಟು ಪ್ರತಿ? ಒಳಪುಟದಲ್ಲಿ ‘ಪ್ರತಿಗಳು: 1000’ ಎಂದು ಕಾಣುವುದು ಆಫ್‌ಸೆಟ್ ಕಾಲದ ಅಭ್ಯಾಸ. ಪ್ಲೇಟು ಮಾಡಿಸುವ ಖರ್ಚು ಒಂದೇ ಆದ್ದರಿಂದ ಹೆಚ್ಚು ಹಾಕಿಸಿದಷ್ಟೂ ಪ್ರತಿಯ ಬೆಲೆ ಇಳಿಯುತ್ತಿತ್ತು. ಈಗ ಡಿಜಿಟಲ್ ಮುದ್ರಣದಲ್ಲಿ ನೂರೋ ಇನ್ನೂರೋ ಪ್ರತಿ ಹಾಕಿಸಬಹುದು. 2008ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪೋತಿ ಡಾಟ್ ಕಾಮ್‌ನಂಥ ಕಡೆ ಬೇಡಿಕೆ ಬಂದಾಗ ಒಂದೊಂದೇ ಪ್ರತಿಯನ್ನೂ ಅಚ್ಚು ಮಾಡುತ್ತಾರೆ. ಪ್ರತಿಯ ಖರ್ಚು ಹೆಚ್ಚು ಬೀಳುತ್ತದೆ, ಆದರೆ ಮನೆಯ ಅಟ್ಟದ ಮೇಲೆ ಎಂಟುನೂರು ಪ್ರತಿ ಗೆದ್ದಲು ಹಿಡಿಯುವುದು ತಪ್ಪುತ್ತದೆ. ಮೊದಲು ಇನ್ನೂರು ಹಾಕಿಸಿ. ಓದಿದವರು ತೋರಿಸಿದ ತಪ್ಪುಗಳನ್ನು ತಿದ್ದಿ, ಕೇಳುವವರಿದ್ದರೆ ಇನ್ನೂರು ಮತ್ತೆ. ಮುಂಗಡ ಹಣ ಕೊಟ್ಟು ಹೆಸರು ಬರೆಸಿದವರಿಗೆ ರಿಯಾಯಿತಿ ಕೊಡುವ ಕ್ರಮವನ್ನೂ ನೋಡಿ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ನಡೆದುಬಂದದ್ದು ಚಂದಾದಾರ ಓದುಗರ ಬಲದ ಮೇಲೆಯೇ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ, ಅರ್ಜಿ ಕರೆಯುವ ಪ್ರಕಟಣೆಗಳನ್ನು ಗಮನಿಸುತ್ತಿರಿ.

ಅಂಚೆಯ ಲೆಕ್ಕವನ್ನು ಪುಸ್ತಕ ಕಟ್ಟುವ ಮೊದಲೇ ಮಾಡಬೇಕು. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗಾಗಿ ‘ಜ್ಞಾನ್ ಪೋಸ್ಟ್’ ಸೇವೆ ಶುರುಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನಾನು ಮೊದಲು ಹೇಳಿದ ಡೆಮಿ ಅಳತೆಯ 256 ಪುಟದ ಕಾದಂಬರಿ 70 ಜಿ.ಎಸ್.ಎಂ. ಕಾಗದದಲ್ಲಿ ಸುಮಾರು 270 ಗ್ರಾಂ. ಮುಖಪುಟ ಸೇರಿದರೆ 290ರ ಹತ್ತಿರ, ಲಕೋಟೆ ಹಾಕಿದರೆ 300 ದಾಟುತ್ತದೆ. ಒಂದು ಫಾರಂ ಕಡಿಮೆಯಾದರೆ ಪ್ರತಿ ಪುಸ್ತಕದ ಅಂಚೆ ವೆಚ್ಚ ಕೆಳಗಿನ ಹಂತದಲ್ಲೇ ಉಳಿಯುತ್ತದೆ. ಈ ಸೇವೆಗೆ ಪುಸ್ತಕದ ಮೇಲೆ ಮುದ್ರಕರ ಇಲ್ಲವೇ ಪ್ರಕಾಶಕರ ಹೆಸರು ಅಚ್ಚಾಗಿರಬೇಕು. ಒಳಪುಟವನ್ನು ಮರೆಯಬಾರದೆಂದು ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ ಫೋನಿನ ಓದುಗ. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು. ಕನ್ನಡ ಹೊರಗೆ ಉಳಿಯಿತು. ಒಂದೇ ಲೈನಿನಲ್ಲಿ ಬೆಳೆದ ಇಬ್ಬರು ಗೆಳೆಯರಲ್ಲಿ ತಮಿಳಿನಲ್ಲಿ ಬರೆದವನಿಗೆ ಇದ್ದ ಸೌಲಭ್ಯ ಕನ್ನಡದಲ್ಲಿ ಬರೆದವನಿಗೆ ಸಿಗಲಿಲ್ಲ. ಇದು ಅನ್ಯಾಯ ಎಂದು ನಾನು ಯಾವ ವೇದಿಕೆಯಲ್ಲಾದರೂ ಹೇಳುತ್ತೇನೆ. 2020ರಲ್ಲಿ ಬಂದ ಮೈಲ್ಯಾಂಗ್ ಎಂಬ ತಾಣ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳಿಗೆ ದೊಡ್ಡ ದಾರಿ ಮಾಡಿಕೊಟ್ಟಿತು. ಅಲ್ಲಿಗೆ ಪಿ.ಡಿ.ಎಫ್. ಹಿಡಿದು ಹೋಗಬೇಡಿ. ಪಿ.ಡಿ.ಎಫ್.ನಲ್ಲಿ ಡೆಮಿ ಪುಟವೇ ಫೋನಿನೊಳಗೆ ಕುಗ್ಗಿ ಕೂರುತ್ತದೆ, ಓದುಗ ಬೆರಳಿನಿಂದ ಹಿಗ್ಗಿಸಿ, ಆಚೆ ಈಚೆ ಎಳೆದು ಓದಬೇಕು. ಇ-ಪಬ್ ಮಾದರಿಯಲ್ಲಿ ಸಾಲುಗಳು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದದ್ದು ತಿದ್ದಿದ ಯುನಿಕೋಡ್ ಪಠ್ಯ, ಅಧ್ಯಾಯದ ಶೀರ್ಷಿಕೆಗಳಿಗೆಲ್ಲ ಒಂದೇ ಗುರುತು. ಮೂಲವನ್ನು ಜೋಪಾನ ಮಾಡಿದವರಿಗೆ ಇದು ಹೆಚ್ಚಿನ ಕೆಲಸವೇ ಅಲ್ಲ.

ಗಣಿಯ ಕೊನೆಯ ಪಾಳಿ ಮುಗಿದು ಕಾಲು ಶತಮಾನವಾಯಿತು. ಒಳಗೆ ಇಳಿದು ದುಡಿದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಅಪ್ಪನೋ ಅಜ್ಜನೋ ಬರೆದಿಟ್ಟ ನೋಟ್‌ಬುಕ್ ಇದ್ದರೆ, ನೀವೇ ಬರೆದ ಹಸ್ತಪ್ರತಿ ಇದ್ದರೆ, ಈ ತಿಂಗಳೇ ಅದನ್ನು ಯುನಿಕೋಡ್‌ನಲ್ಲಿ ಟೈಪು ಮಾಡಿಸಲು ಕೊಡಿ. ಎರಡು ಕಡೆ ಉಳಿಸಿಡಿ, ಒಬ್ಬ ಬಲ್ಲವರಿಂದ ಕರಡು ತಿದ್ದಿಸಿ, ಇನ್ನೂರೇ ಪ್ರತಿ ಅಚ್ಚು ಹಾಕಿಸಿ. ಮೊದಲ ಎರಡು ಪ್ರತಿಗಳನ್ನು ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಸಾರ್ವಜನಿಕ ಗ್ರಂಥಾಲಯಗಳಿಗೆ ಒಯ್ದು ಕೊಡಿ.